ಕುಂಬಳದ ಬಳ್ಳಿಗೆ ಹೊಲಿದ ಪರದೆ

ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಹಿತ್ತಿಲಲ್ಲಿ ಕುಂಬಳ ಹಾಕಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಟೈಲರ್ ಅಕ್ಕನ ಹಿತ್ತಿಲಲ್ಲೂ ಹಾಗೇ ಆಯಿತು. ಗೋಲಿ ಗಾತ್ರದ ಮಿಡಿಗಳು ಹಳದಿಯಾಗಿ ಉದುರುತ್ತಿದ್ದವು.

ಅವಳ ತಾಯಿಗೆ ಅದೇ ಚಿಂತೆ. ಪ್ರತಿ ವರ್ಷ ಬಲಿತ ಕಾಯಿಯಿಂದ ಬೀಜ ತೆಗೆದಿಟ್ಟು, ತನ್ನ ಅಮ್ಮನ ಕಾಲದಿಂದ ಉಳಿಸಿಕೊಂಡು ಬಂದ ತಳಿ ಅದು. ಡಬ್ಬಿಯಲ್ಲಿದ್ದ ಕಡೆಯ ಬೀಜಗಳನ್ನೂ ಈ ಸಲ ಹಾಕಿಯಾಗಿತ್ತು.

"ಒಂದಾದ್ರೂ ಕಾಯಿ ಬಲೀಲಿಲ್ಲ ಅಂದ್ರೆ ಈ ತಳಿ ಇಲ್ಲಿಗೇ ಮುಗೀತು ಕಣೇ," ಎಂದು ಕೊರಗುತ್ತಿದ್ದಳು.

ಒಂದು ಬೆಳಗ್ಗೆ ಟೈಲರ್ ಅಕ್ಕನ ತಂಗಿ ಕ್ಯಾಮೆರಾ ಹಿಡಿದು ಬಂದಳು. ಅವಳಿಗೆ ಫೋಟೊ ಸ್ಟುಡಿಯೊದಲ್ಲಿ ಕೆಲಸ, ಬಿಡುವಾದರೆ ಜೇನುಹುಳ, ಹೂವುಗಳ ಹುಚ್ಚು. ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು. ಬಳ್ಳಿಯ ಮೇಲೆ ಹಳೆಯ ಸೊಳ್ಳೆಪರದೆ ಬಿಗಿಯಾಗಿ ಕೂತಿತ್ತು.

"ಏನಕ್ಕಾ ಇದು? ಕುಂಬಳಕ್ಕೂ ಸೊಳ್ಳೆ ಕಚ್ಚತ್ತಾ?"

"ನಗು, ನಗು. ಹೋದ ವರ್ಷ ಜೇನು ಕಚ್ಚಿ ಪುಟ್ಟಿ ಕೆನ್ನೆ ಊದ್ಕೊಂಡಾಗ ನೀನಿದ್ಯಾ? ಒಂದು ಹುಳಾನೂ ಒಳಗೆ ನುಗ್ಗಬಾರ್ದು ಅಂತ ಡಬಲ್ ಹೊಲಿಗೆ ಹಾಕಿದೀನಿ."

ಪುಟ್ಟಿ ಅಂದರೆ ಅಕ್ಕನ ಮಗಳು. ಅವಳಾಗಲೇ ಚಿಕ್ಕಮ್ಮನ ಕ್ಯಾಮೆರಾಕ್ಕೆ ಜೋತುಬಿದ್ದಿದ್ದಳು.

ತಂಗಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಒಂದು ಜೇನು ಪರದೆಯ ಹೊಲಿಗೆಯುದ್ದಕ್ಕೂ ತೆವಳುತ್ತ ದಾರಿ ಹುಡುಕುತ್ತಿತ್ತು. ಕ್ಲಿಕ್ ಮಾಡಿ, ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು.

"ಇದರ ಮೈಮೇಲೆ ಏನಿದೆ ನೋಡು."

"ಧೂಳು."

"ಧೂಳಲ್ಲ ಕಣೇ, ಪರಾಗ. ಯಾವುದೋ ಹೂವಿನ ಪುಡಿ. ಈಗ ಪರದೆ ಒಳಗೆ ನೋಡು. ಬುಡದಲ್ಲಿ ಮಿಡಿ ಇರೋದು ಹೆಣ್ಣು ಹೂವು. ಬರೀ ಉದ್ದ ತೊಟ್ಟಿರೋದು ಗಂಡು. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಸೇರಿದ್ರೇನೇ ಕಾಯಿ. ಸೇರಿಸೋಕೆ ಬಂದೋರನ್ನ ನೀನು ಹೊರಗೇ ನಿಲ್ಲಿಸಿದೀಯ."

ಅಕ್ಕ ಪೆಚ್ಚಾದಳು. ಆದರೂ ಬಿಡಲಿಲ್ಲ. "ಮತ್ತೆ ಕಚ್ಚಿದ್ರೆ?"

"ಪುಟ್ಟಿ, ಅವತ್ತು ಏನು ಮಾಡ್ತಿದ್ದೆ?"

ಪುಟ್ಟಿ ನೆಲ ನೋಡಿದಳು. "ಮುಷ್ಟೀಲಿ ಹಿಡಿದು ಕೆನ್ನೆ ಹತ್ರ ಇಟ್ಕೊಂಡೆ. ಗುಂಯ್ ಅನ್ನೋದು ಕೇಳೋಕೆ."

"ನಿನ್ನನ್ನ ಹಾಗೆ ಹಿಡಿದಿದ್ರೆ ನೀನೂ ಕಚ್ತಿದ್ದೆ. ಹೂವಲ್ಲಿರೋ ಜೇನನ್ನ ಮುಟ್ಟದೆ, ಹೊಡೆಯೋಕೆ ಹೋಗದೆ ದೂರ ನಿಂತ್ರೆ ಅದು ತನ್ನ ಪಾಡಿಗೆ ತಾನಿರತ್ತೆ. ಅಕ್ಕಾ, ಇವತ್ತು ಅರಳಿರೋ ಹೆಣ್ಣು ಹೂವು ಒಂದೇ. ಬಿಸಿಲೇರಿದ್ರೆ ಮುಚ್ಚಿಕೊಂಡುಬಿಡತ್ತೆ."

ಅಷ್ಟರಲ್ಲಿ ತಾಯಿ ಕತ್ತರಿ ತಂದು ಅಕ್ಕನ ಕೈಗಿತ್ತಳು. "ಹೊಲಿದೋಳು ನೀನೇ, ಬಿಚ್ಚು."

"ಎಂಥಾ ಹೊಲಿಗೆ ಹಾಕಿದೀನಿ, ಹಾಳಾದ್ದು ಬರೋದೇ ಇಲ್ವಲ್ಲ," ಎಂದು ಅಕ್ಕ ತನ್ನನ್ನೇ ಬೈದುಕೊಳ್ಳುತ್ತ ಬಿಚ್ಚಿದಳು. ಪರದೆ ಸರಿಯಿತು. ಎಲ್ಲರೂ ಹಿಂದೆ ಸರಿದು ನಿಂತರು.

ಜೇನು ಗಂಡು ಹೂವಿನೊಳಗೆ ನುಗ್ಗಿತು. ಹೊರಬಂದಾಗ ಮೈಯೆಲ್ಲ ಹಳದಿ. ಒಂದು ಸುತ್ತು ಹಾಕಿತು. ಬೇಲಿಯ ಕಡೆ ತಿರುಗಿತು.

"ಆ ಕಡೆ ಅಲ್ಲ ಕಣೇ, ಈ ಕಡೆ," ಎಂದು ತಾಯಿ ಪಿಸುಗುಟ್ಟಿದಳು.

ಕೇಳಿಸಿಕೊಂಡಂತೆ ಅದು ಮರಳಿತು. ಸೀದಾ ಹೆಣ್ಣು ಹೂವಿಗೆ. ಚಿಕ್ಕಮ್ಮ ಕೊಟ್ಟ ಕ್ಯಾಮೆರಾದಲ್ಲಿ ಪುಟ್ಟಿ ಕ್ಲಿಕ್ಕಿಸಿದಳು.

"ಚಿಕ್ಕಮ್ಮಾ, ಬರೀ ಹಿಂಭಾಗ ಬಂದಿದೆ."

"ಒಳಗೆ ಹೋಗಿದೆ ಅಂತ ಅದೇ ಸಾಕ್ಷಿ ಕಣೇ."

ಆ ಮಿಡಿ ಉದುರಲಿಲ್ಲ. ಹಿಗ್ಗಿ, ಬಲಿತು ಕಾಯಾಯಿತು. ತಾಯಿಯ ಡಬ್ಬಿ ಮತ್ತೆ ಬೀಜದಿಂದ ತುಂಬಿತು. ಅಕ್ಕ ಅದೇ ಪರದೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದು ಅಕ್ಕಪಕ್ಕದವರಿಗೂ ಬೀಜ ಹಂಚಿದಳು. ಡಬ್ಬಿಯ ಮುಚ್ಚಳಕ್ಕೆ ಪುಟ್ಟಿ ತೆಗೆದ ಜೇನಿನ ಫೋಟೊ ಅಂಟಿಸಿದ್ದಾರೆ.

ಬಂಧುಗಳೇ, ಹೂ ಅರಳಿರುವ ಹೊತ್ತಿನಲ್ಲಿ ಬಳ್ಳಿಯನ್ನು ಮುಚ್ಚಬೇಡಿ, ಔಷಧಿಯನ್ನೂ ಹೊಡೆಯಬೇಡಿ. ಜೇನು ಕಚ್ಚಿ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಭಯಕ್ಕೆ ಜೇನನ್ನೇ ಓಡಿಸಬೇಡಿ. ನಮಗೆಲ್ಲ ಬೆಳಗ್ಗೆ ನೂರೆಂಟು ಕೆಲಸ, ನಿಜ. ಆದರೂ ನಾಳೆ ಒಂದು ಗಳಿಗೆ ಮಕ್ಕಳ ಜೊತೆ ಹೂವಿನ ಪಕ್ಕ ನಿಂತು ನಿಮ್ಮ ಫೋನಿನಲ್ಲೇ ಜೇನಿನ ಫೋಟೊ ತೆಗೆಯಿರಿ. ಬರೀ ಹಿಂಭಾಗ ಬಂದರೆ ಬೇಜಾರಾಗಬೇಡಿ. ಒಳಗೆ ನಿಮ್ಮ ಕೆಲಸವೇ ನಡೆಯುತ್ತಿದೆ.