ಹಾಡಿನ ಹಾಜರಿ

ನಮ್ಮ ಶಾಲೆಯ ಒಂದನೇ ತರಗತಿಯಲ್ಲಿ ಹಾಜರಿ ಕರೆಯುತ್ತಿರಲಿಲ್ಲ, ಹಾಡುತ್ತಿದ್ದರು. ಪಕ್ಕದ ಎರಡನೇ ತರಗತಿಗೆ ನಾನು ಟೀಚರು. ನನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ. ದಿನಾ ಬೆಳಿಗ್ಗೆ ಗೋಡೆಯಾಚೆ ಆ ಗಲಾಟೆ ಶುರುವಾದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಹಾಡು ಕಟ್ಟಿದವರು ಅಕ್ಕ. ಒಡಹುಟ್ಟಿದವರಲ್ಲ, ವಯಸ್ಸಿನಲ್ಲಿ ದೊಡ್ಡವರೆಂದು ನಾನು ಹಾಗೆ ಕರೆಯುತ್ತಿದ್ದೆ. ಅವರ ತರಗತಿಯಲ್ಲಿ ಪ್ರತಿ ಮಗುವೂ ತನಗಿಷ್ಟದ ಹೆಸರು ಇಟ್ಟುಕೊಳ್ಳಬಹುದಿತ್ತು. ಒಬ್ಬಳು ಗುಬ್ಬಿ, ಅವಳ ಗೆಳತಿ ಮೀನು, ಇನ್ನೊಬ್ಬ ಪುಣ್ಯಾತ್ಮ ಲಾರಿ. ‘ನಾನಿಲ್ಲಿ, ಗುಬ್ಬಿ ಇಲ್ಲಿ, ನೀನೆಲ್ಲಿ?’ ಎಂದು ಒಂದು ಮಗು ಹಾಡಿದರೆ ಮುಂದಿನದು ತನ್ನ ಹೆಸರು ಹೇಳಿ ಉತ್ತರ ಕೊಡಬೇಕು. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಕಣ್ಣು ಬಿಟ್ಟು ಎಣಿಸಿದ್ರೆ ಎರಡೇ ನಿಮಿಷದ ಕೆಲ್ಸ ಅಲ್ವಾ ಅಕ್ಕ?” ಎಂದು ಒಮ್ಮೆ ರೇಗಿಸಿದ್ದೆ.

“ಎಣಿಸಿದ್ರೆ ತಲೆ ಲೆಕ್ಕ ಸಿಗುತ್ತೆ ಕಣೆ, ಮಕ್ಕಳು ಸಿಗಲ್ಲ,” ಎಂದು ನಕ್ಕಿದ್ದರು. ದನಿ ಕೇಳಿಯೇ ಯಾರಿಗೆ ಜ್ವರ ಬರುತ್ತಿದೆ, ಯಾರು ಮನೆಯಲ್ಲಿ ಏಟು ತಿಂದು ಬಂದಿದ್ದಾರೆ ಎಂದು ಹೇಳುತ್ತಿದ್ದರು. ಹಾಡುಗಾರ್ತಿ ಆಗಬೇಕೆಂದು ಅವರಿಗೆ ಆಸೆ ಇತ್ತಂತೆ, ಮನೆಯವರು ಬಿಡಲಿಲ್ಲ. ಅದಕ್ಕಾಗಿ ಯಾರ ಮೇಲೂ ಹಲ್ಲು ಕಡಿದದ್ದು ನಾನು ನೋಡಿಲ್ಲ. ಊಟದ ಡಬ್ಬಿಯ ಮುಚ್ಚಳದ ಮೇಲೆ ತಾಳ ಹಾಕುತ್ತಾ ನನ್ನ ಪಾಲಿನ ಪಲ್ಯವನ್ನೂ ತಿಂದು ಮುಗಿಸುತ್ತಿದ್ದರು. ಅಷ್ಟೇ ಅವರ ಸೇಡು.

ಆ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಬೆಂಕಿ ಹತ್ತಿತು. ಮುರಿದ ಬೆಂಚು, ಹಳೇ ಬಣ್ಣದ ಡಬ್ಬ, ರಟ್ಟು, ಎಲ್ಲ ಅಲ್ಲೇ ತುಂಬಿದ್ದೆವು. ಹೊಗೆ ಕಾರಿಡಾರಿಗೆ ನುಗ್ಗಿತು. ಮಕ್ಕಳನ್ನು ಹೇಗೆ ಹೊರಗೆ ತಂದೆನೋ ನೆನಪಿಲ್ಲ. ಮೈದಾನದಲ್ಲಿ ನಿಂತು ನನ್ನ ತರಗತಿಯನ್ನು ಎಣಿಸಿದೆ, ಎಲ್ಲರೂ ಇದ್ದರು. ಪಕ್ಕದಲ್ಲಿ ಅಕ್ಕನ ಮಕ್ಕಳು ಅಳುತ್ತಾ, ಕೆಮ್ಮುತ್ತಾ, ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಅಕ್ಕ ಹಾಡು ಶುರು ಮಾಡಿದರು.

ಒಂದೊಂದೇ ದನಿ ನಡುಗುತ್ತಾ ಬಂತು. ಲಾರಿ ಬಂದ. ಗುಬ್ಬಿ ಬಂದಳು, ಮೀನು ಬಂದಳು. ಕೊನೆಯವರೆಗೂ ಎಲ್ಲೂ ಸಾಲು ತಪ್ಪಲಿಲ್ಲ.

“ಸದ್ಯ, ಎಲ್ಲಾ ಇದ್ದಾರೆ,” ಎಂದರು ಹೆಡ್ಮಾಸ್ಟರು. ನಾನೂ ಉಸಿರು ಬಿಟ್ಟೆ.

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. “ಅದು ಗುಬ್ಬಿ ದನಿ ಅಲ್ಲ,” ಎಂದರು.

ಮೀನುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದರು. “ಪುಟ್ಟಿ, ಗುಬ್ಬಿ ಎಲ್ಲಿ?”

ಮೀನು ಬಿಕ್ಕಿ ಬಿಕ್ಕಿ ಅತ್ತಳು. “ಒಂದಕ್ಕೆ ಹೋದ್ಲು ಟೀಚರ್. ನೀವು ಬೈತೀರಾ ಅಂತ ಅವಳದ್ದೂ ನಾನೇ ಹಾಡ್ದೆ.” ಗೆಳತಿ ತಡವಾಗಿ ಬಂದ ದಿನಗಳಲ್ಲೂ ಆ ಮಗು ಹೀಗೇ ಮಾಡುತ್ತಿತ್ತಂತೆ. ಅಕ್ಕನಿಗೆ ಅದು ಗೊತ್ತಿತ್ತು, ಸುಮ್ಮನೆ ನಗುತ್ತಿದ್ದರು.

ಶೌಚಾಲಯ ಕಾರಿಡಾರಿನ ಆ ತುದಿಗೆ. ನಾನು ಅಕ್ಕನ ಸೆರಗು ಹಿಡಿದೆ. “ಬೇಡ ಅಕ್ಕ, ಫೈರ್ ಇಂಜಿನ್ ಬರ್ತಿದೆ!” ಅವರು ಕೊಸರಿಕೊಂಡು ಹೋದರು. ಪಿನ್ನು ಕಿತ್ತು ನನ್ನ ಕೈಯಲ್ಲಿ ಉಳಿಯಿತು.

ನಾನು ಬಾಗಿಲವರೆಗೆ ಓಡಿದೆ. ಅದರಾಚೆ ಕಾಲು ಏಳಲಿಲ್ಲ. ಭಯ ಎಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಹೊಗೆಯೊಳಗಿಂದ ಅಕ್ಕನ ಹಾಡು ಕೇಳುತ್ತಿತ್ತು: ‘ನಾನಿಲ್ಲಿ, ನೀನೆಲ್ಲಿ?’ ಉತ್ತರವಿಲ್ಲ. ಮತ್ತೆ ಹಾಡಿದರು. ಉತ್ತರವಿಲ್ಲ. ಮೂರನೆಯ ಸಲ, ಎಲ್ಲೋ ದೂರದಿಂದ, ಸಣ್ಣಗೆ, ಗುಬ್ಬಿ ಹಾಡಿದಳು. ನನ್ನ ಹೋದ ಜೀವ ಬಂತು.

ಆಮೇಲೆ ಏನೋ ದೊಡ್ಡದು ಧಡಾರೆಂದು ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಮಗು ಗೋಡೆಯುದ್ದಕ್ಕೂ ತೆವಳಿಕೊಂಡು ಬಂತು. ಮುಖವೆಲ್ಲ ಮಸಿ. ನಾನು ಬಾಚಿ ಎತ್ತಿಕೊಂಡೆ.

“ಟೀಚರ್ ಎಲ್ಲಿ ಚಿನ್ನಾ?”

“ಕಪಾಟು ಬಿತ್ತು. ನಾನು ಕೆಳಗೆ ತೂರ್ದೆ, ಅವರಿಗೆ ಆಗ್ಲಿಲ್ಲ. ‘ಸುತ್ತು ಹಾಕಿ ಬರ್ತೀನಿ, ಕಣ್ಣು ಕಾಣ್ತಿಲ್ಲ, ನೀನು ಬಾಗಿಲಲ್ಲಿ ಹಾಡ್ತಾ ಇರು’ ಅಂದ್ರು.” ಇಷ್ಟು ಹೇಳಿ ಹಾಡಲು ಬಾಯಿ ತೆರೆದಳು. ಬರೀ ಕೆಮ್ಮು ಬಂತು. ಮತ್ತೆ ಪ್ರಯತ್ನಿಸಿ ವಾಂತಿ ಮಾಡಿಕೊಂಡಳು. ಹೆಡ್ಮಾಸ್ಟರು ಅವಳನ್ನು ಎತ್ತಿಕೊಂಡು ಓಡಿದರು.

ಬಾಗಿಲಲ್ಲಿ ಈಗ ನಾನೊಬ್ಬಳೇ. ಒಳಗೆ ಅಕ್ಕ ಕತ್ತಲಲ್ಲಿ ಕಿವಿಗೊಟ್ಟು ನಿಂತಿದ್ದಾರೆ, ಒಂದು ದನಿ ಸಿಕ್ಕರೆ ಆ ಕಡೆ ತಿರುಗುತ್ತಾರೆ.

ಜೀವಮಾನದಲ್ಲಿ ಒಂದು ಸಾಲೂ ಹಾಡಿದವಳಲ್ಲ ನಾನು. ಗೋಡೆಯಾಚೆಯಿಂದ ದಿನಾ ಶಪಿಸಿಕೊಂಡು ಕೇಳಿದ ಹಾಡು ಪೂರ್ತಿ ಬಾಯಿಗೆ ಬಂತು. ‘ನಾನಿಲ್ಲಿ, ನೀನೆಲ್ಲಿ?’ ಶ್ರುತಿಯಿಲ್ಲ, ತಾಳವಿಲ್ಲ, ಅರಚುತ್ತಿದ್ದೆ. ಒಳಗಿಂದ ಅಕ್ಕನ ದನಿ ಬಂತು, ಎಡಗಡೆಯಿಂದ. ಮುಂದಿನ ಸಲ ಇನ್ನೂ ಹತ್ತಿರ ಕೇಳಿತು. “ಹೀಗೇ ಬನ್ನಿ ಅಕ್ಕ, ಹೀಗೇ!” ಎಂದು ಕೂಗಿ ಮತ್ತೆ ಹಾಡಿದೆ. ಆ ಸಲ ಉತ್ತರ ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ.

ಫೈರ್ ಇಂಜಿನ್‌ನವರು ನನ್ನನ್ನು ಪಕ್ಕಕ್ಕೆ ಸರಿಸಿ ನೀರಿನ ಪೈಪು ಹಿಡಿದು ನುಗ್ಗಿದರು. ಬಾಗಿಲ ಪಕ್ಕದಲ್ಲಿ ನಿಂತು ನಾನು ಹಾಡುತ್ತಲೇ ಇದ್ದೆ. ಅವರು ಏನನ್ನೋ ಹೊದಿಕೆಯಲ್ಲಿ ಸುತ್ತಿ ಹೊತ್ತು ತಂದಾಗಲೂ, ಆ ಕಡೆ ನೋಡದೆ, ಬಾಗಿಲನ್ನೇ ನೋಡುತ್ತಾ ಹಾಡುತ್ತಿದ್ದೆ. ಅವರಲ್ಲೊಬ್ಬ ಹೆಲ್ಮೆಟ್ಟು ತೆಗೆದು ನನ್ನ ಭುಜ ಮುಟ್ಟಿದ.

“ಸಾಕು ಮೇಡಂ, ನಿಲ್ಸಿ,” ಎಂದ.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಕ್ಕ ಯಾವ ಕಡೆ ಬರಬೇಕು?