ಐದು ಕಿಲೋ ಚೀಲ

ತಕ್ಕಡಿಯ ಮುಳ್ಳು ಆರು ಕಿಲೋ ದಾಟಿತು.

"ಡಾಕ್ಟರು ಐದರ ಮೇಲೆ ಎತ್ತಬಾರದು ಅಂದಿದ್ದಾರೆ. ಒಂದನ್ನ ತೆಗೀರಿ," ಎಂದು ಹೆಂಡತಿ ಅಡುಗೆಮನೆಗೆ ಹೋದಳು.

ಯಾವುದನ್ನು ತೆಗೆಯುವುದು? ಬಡಗಿ ಮರ ಹೆರೆಯುವ ಮೂರೂ ಹತ್ತರಿಗಳನ್ನು ಚೀಲದಿಂದ ಹೊರಗಿಟ್ಟ, ಒಳಗಿಟ್ಟ, ಮತ್ತೆ ಹೊರಗಿಟ್ಟ. ಉದ್ದನೆಯದಿದ್ದರೆ ಬಾಗಿಲಿನ ಅಂಚು ಬೇಗ ನೇರವಾಗುತ್ತದೆ. ನಡುವಿನದು ಎಲ್ಲದಕ್ಕೂ ಬೇಕು. ಚಿಕ್ಕದನ್ನು ಬಿಟ್ಟರೆ ಮೂಲೆಗಳಿಗೆ ಏನು ಗತಿ? ಹರ್ನಿಯಾ ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಇವತ್ತೇ ಮೊದಲ ಹೊರಗಿನ ಕೆಲಸ. ಕೈಲಾಗದಿದ್ದರೆ ಅಂಗಡಿಯಲ್ಲೇ ಕೂತು ಉಪ್ಪುಕಾಗದ ಉಜ್ಜಿಕೊಂಡಿರಿ ಎಂದು ಮೇಸ್ತ್ರಿ ನಗುನಗುತ್ತಲೇ ಹೇಳಿದ್ದ. ಆ ನಗು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಹಾಳಾದ ತಕ್ಕಡಿ! ಮೂರು ಹತ್ತರಿಗಳ ಅಲಗುಗಳನ್ನೂ ಬಿಚ್ಚಿ ದಿಂಬಿನಡಿ ತುರುಕಿದ. ಹೆಂಡತಿ ಬಂದು ತೂಗಿದಳು. ಐದಕ್ಕೆ ಸ್ವಲ್ಪ ಕಮ್ಮಿ. ಅವಳು ಆಚೆ ಹೋದ ಮೇಲೆ ಮತ್ತೆ ಹಾಕಿಕೊಂಡರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಕೆಲಸದ ವ್ಯಾನಿನ ಹಾರ್ನು ಬಾಯಿ ಬಡಿದುಕೊಂಡಿತು. ಚೀಲ ಎತ್ತಿಕೊಂಡು ಓಡಿದ.

ಕಟ್ಟಡದ ಮೂರನೇ ಮಹಡಿಯಲ್ಲಿ ಚೀಲ ಬಿಚ್ಚಿದ. ಅಲಗಿಲ್ಲದ ಮೂರು ಮರದ ತುಂಡುಗಳು! ಮೆಟ್ಟಿಲ ಮರೆಗೆ ಹೋಗಿ ಮನೆಗೆ ಫೋನ್ ಮಾಡಿದ, ಚೆನ್ನಾಗಿ ಬೈಸಿಕೊಂಡ. ಆಮೇಲೆ ಮುಕ್ಕಾಲು ಗಂಟೆ, ಅಳೆದ ಬಾಗಿಲನ್ನೇ ಮತ್ತೆ ಮತ್ತೆ ಅಳೆಯುತ್ತಾ ಕಿಟಕಿಗೂ ಬಾಗಿಲಿಗೂ ಓಡಾಡಿದ.

"ಏನಣ್ಣಾ, ಶುರು ಮಾಡೋದು ಇವತ್ತೋ ನಾಳೆಯೋ?" ಎಂದ ಮೇಸ್ತ್ರಿ.

ಹೆಂಡತಿ ಏದುಸಿರು ಬಿಡುತ್ತಾ ಬಂದು ಬಟ್ಟೆಯ ಗಂಟು ಕೊಟ್ಟಳು. ಒಳಗಿದ್ದದ್ದು ನಡುವಿನ ಹತ್ತರಿಯ ಅಲಗು, ಒಂದೇ ಒಂದು.

"ಉಳಿದವು?"

"ಮನೇಲಿವೆ."

"ಎಲ್ಲರೆದುರು ನನ್ನ ಮಾನ ತೆಗೀತೀಯಲ್ಲೇ!"

"ಆ ಉದ್ದನೇದನ್ನ ತಳ್ಳಿ ಹೊಟ್ಟೆಗೆ ಏನಾದ್ರೂ ಮಾಡ್ಕೊಂಡ್ರೆ, ಮತ್ತೆ ಆಸ್ಪತ್ರೆ ಬೆಂಚಿನ ಮೇಲೆ ಕೂರೋಕೆ ನನ್ನ ಕೈಲಿ ಆಗಲ್ಲ ರೀ." ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಹೆರೆಯೋದು ನೀವು. ಬಾಗಿಲು ಎತ್ತೋದು ಬೇರೆಯವರು. ಕರೀರಿ."

ಮೇಸ್ತ್ರಿ ನೋಡುತ್ತಲೇ ಇದ್ದ. ಬಡಗಿ ಅಲಗು ಕೂರಿಸಿ ಬೆಣೆ ಬಡಿದ. ಬೇಕಾದ್ದಕ್ಕಿಂತ ನಾಲ್ಕು ಏಟು ಹೆಚ್ಚೇ ಬಡಿದ. ಮೂವತ್ತು ವರ್ಷದಲ್ಲಿ ಬಾಗಿಲೆತ್ತಲು ಅವನು ಯಾರನ್ನೂ ಕರೆದವನಲ್ಲ.

"ಯಾರಾದ್ರೂ ಬನ್ರಪ್ಪಾ," ಎಂದ, ತಲೆ ಎತ್ತದೆ. "ಒಂದು ಕೈ ಹಾಕಿ."

ಮೊದಲು ಬಂದವನು ಮೇಸ್ತ್ರಿ. ಬಾಗಿಲು ಅಡ್ಡ ಮಲಗಿತು. ಹತ್ತರಿಯ ಬಾಯಿಂದ ಉದ್ದನೆಯ ಸುರುಳಿಯೊಂದು ಎದ್ದು ಹೆಂಡತಿಯ ಚಪ್ಪಲಿಯ ಮೇಲೆ ಬಿತ್ತು. ಅವಳು ಕಾಲು ಸರಿಸಲಿಲ್ಲ.