ಓವನ್ ಬಾಗಿಲು ತೆರೆದಾಗ ಮಾತಿಲ್ಲ

ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಬೇಕರಿ ಅಕ್ಕ ಓವನ್ ಬಾಗಿಲು ತೆರೆದಳೆಂದರೆ ಯಾರೂ ತುಟಿ ಪಿಟಕ್ ಅನ್ನುವಂತಿಲ್ಲ. ಹಿಂದೊಮ್ಮೆ ಗಿರಾಕಿಯೊಬ್ಬರು "ಬನ್ ಆಯ್ತಾ ಅಕ್ಕಾ?" ಎಂದು ಕೇಳಿದಾಗ ಅವಳು ತಿರುಗಿ ನೋಡಲು ಹೋಗಿ ಕೈ ಸುಟ್ಟುಕೊಂಡಿದ್ದಳು. ಮೊಣಕೈ ಹತ್ತಿರ ಆ ಕಲೆ ಇನ್ನೂ ಇದೆ.

ಇಷ್ಟು ಎಚ್ಚರದ ಅಕ್ಕ, ಗಂಡ ಸ್ಕೂಟರ್ ಹತ್ತಿ ಹೊರಟರೆ ಸಾಕು, ಫೋನ್ ಹಚ್ಚುತ್ತಿದ್ದಳು. ಅಂಗಡಿಗಳಿಗೆ ಬನ್ನು, ಬ್ರೆಡ್ಡು ಹಾಕುವ ಅವನನ್ನು ನಾವೆಲ್ಲ ಬನ್ನಣ್ಣ ಅನ್ನುತ್ತೇವೆ. "ಎಲ್ಲಿದ್ದೀರಿ?" "ಹಾಸ್ಟೆಲ್‌ಗೆ ಒಂದು ಟ್ರೇ ಜಾಸ್ತಿ ಕೊಡಿ." "ಮೂಲೆ ಅಂಗಡಿಯವರಿಗೆ ಇವತ್ತು ಬ್ರೆಡ್ ಬೇಡವಂತೆ." ಬನ್ನಣ್ಣನೂ ಏನು ಕಡಿಮೆಯಿಲ್ಲ. ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತ ಹೋಗುತ್ತಿದ್ದ. ತಲೆ ಉಳಿಸುವ ಹೆಲ್ಮೆಟ್ಟನ್ನೇ ಫೋನಿಡುವ ಗೂಡು ಮಾಡಿಕೊಂಡಿದ್ದ ಮಹಾನುಭಾವ!

ಮೊನ್ನೆ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಮಗಳೂ ಇದ್ದಳು. ಅವಳನ್ನು ಶಾಲೆಗೆ ಬಿಟ್ಟು ಅವನು ಹಾಸ್ಟೆಲ್‌ಗೆ ಹೋಗಬೇಕಿತ್ತು. ಅಕ್ಕ ಫೋನಿನಲ್ಲಿ ಹೊಸ ಆರ್ಡರ್ ಹೇಳುತ್ತಿದ್ದಳು. ಅಷ್ಟರಲ್ಲಿ ಆ ಕಡೆಯಿಂದ ಮಗಳು "ಅಪ್ಪಾ!" ಎಂದು ಚೀರಿದ್ದು ಕೇಳಿತು. ಆಮೇಲೆ ಬ್ರೇಕಿನ ಸದ್ದು. ಆಮೇಲೆ ಏನೂ ಇಲ್ಲ.

"ಏನ್ರೀ? ಏನಾಯ್ತ್ರೀ? ಮಾತಾಡ್ರೀ!" ಅಕ್ಕ ಕೂಗಿದ್ದು ಬೀದಿಗೆಲ್ಲ ಕೇಳಿ ನಾವು ಬೇಕರಿಗೆ ಓಡಿದೆವು.

ರಸ್ತೆ ದಾಟುತ್ತಿದ್ದ ಒಬ್ಬ ಅಜ್ಜಿಯನ್ನು ಬನ್ನಣ್ಣ ಕೊನೇ ಗಳಿಗೆಯಲ್ಲಿ ನೋಡಿ, ಗಾಡಿ ತಿರುಗಿಸಿ ಬಿದ್ದಿದ್ದ. ಅಜ್ಜಿ ಕೂದಲೆಳೆಯಲ್ಲಿ ಪಾರಾದರು. ಮಗಳ ಮಣಿಕಟ್ಟಿನ ಮೂಳೆ ಮುರಿಯಿತು. ಅಲ್ಲೇ ಡ್ಯೂಟಿಯಲ್ಲಿದ್ದ ಟ್ರಾಫಿಕ್ ಪೊಲೀಸ್ ಮೇಡಂ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಬನ್ನಣ್ಣನ ಮೇಲೆ ಕೇಸನ್ನೂ ಹಾಕಿದರು.

ಸಂಜೆ ಅದೇ ಮೇಡಂ ಮಗುವನ್ನು ನೋಡಲು ಬೇಕರಿಗೆ ಬಂದರು. ಅವರು ಅಲ್ಲಿಯ ಖಾಯಂ ಗಿರಾಕಿ. ಬನ್ನಣ್ಣ ಮುಖ ಊದಿಸಿಕೊಂಡೇ ಕೂತಿದ್ದ.

"ನನ್ನ ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತು ಮೇಡಂ. ಫೋನ್ ಹಿಡ್ಕೊಂಡೇ ಇರ್ಲಿಲ್ಲ. ಅದಕ್ಕೂ ಕೇಸಾ?"

"ಕೈ ಹ್ಯಾಂಡಲ್ ಮೇಲಿತ್ತು ಸರಿ ಅಣ್ಣಾ, ಗಮನ ಎಲ್ಲಿತ್ತು? ಕೈಯಲ್ಲಿ ಹಿಡ್ಕೊಳ್ಳಿ, ಹೆಲ್ಮೆಟ್ಟಲ್ಲಿ ಸಿಕ್ಕಿಸ್ಕೊಳ್ಳಿ, ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡಿದ್ರೆ ತಪ್ಪು ತಪ್ಪೇ. ದಂಡ ಬೀಳುತ್ತೆ. ಲೈಸೆನ್ಸೂ ಹೋಗಬಹುದು. ಯಾರಾದ್ರೂ ಸತ್ತಿದ್ರೆ ಜೈಲು."

ಅಕ್ಕ ಗಂಡನ ಪರ ನಿಂತಳು. ಒಳಗೊಳಗೇ ಹೆದರಿದ್ದಳು, ಅದಕ್ಕೇ ದನಿ ಜೋರಾಗಿತ್ತು. "ನಿಮಗೇನು ಮೇಡಂ, ಹೇಳೋದು ಸುಲಭ. ಗಳಿಗೆಗೊಂದು ಆರ್ಡರ್ ಬದಲಾಗುತ್ತೆ. ನಾನು ಫೋನ್ ಮಾಡದೆ ವ್ಯಾಪಾರ ನಡೆಯೋದು ಹೇಗೆ? ಎರಡು ಮಾತಾಡಿದ್ರೆ ಏನಾಗುತ್ತೆ?"

ಮೇಡಂ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಬ್ರೆಡ್ ತೆಗೆಯುವ ಹೊತ್ತಾಗಿ, ಅಕ್ಕ ದಪ್ಪ ಕೈಗವಸು ಹಾಕಿಕೊಂಡು ಓವನ್ ಬಾಗಿಲು ತೆರೆದಳು. ಮೇಡಂ ಅರ್ಧ ಮಾತಿಗೇ ನಿಂತರು. ಬನ್ನಣ್ಣನೂ ಗಪ್‌ಚಿಪ್. ಟ್ರೇಗಳೆಲ್ಲ ಹೊರಬಂದು ಬಾಗಿಲು ಮುಚ್ಚುವವರೆಗೆ ಯಾರೂ ಉಸಿರೆತ್ತಲಿಲ್ಲ.

"ಈಗ್ಯಾಕೆ ನಾವೆಲ್ಲ ಬಾಯಿ ಮುಚ್ಕೊಂಡ್ವಿ ಅಕ್ಕಾ?" ಮೇಡಂ ಮೆಲ್ಲಗೆ ಕೇಳಿದರು. "ನಿಮ್ಮ ಎರಡೂ ಕೈ ಟ್ರೇ ಮೇಲೇ ಇತ್ತಲ್ಲ. ಎರಡು ಮಾತಾಡಿದ್ರೆ ಏನಾಗ್ತಿತ್ತು?"

ಅಕ್ಕ ತನ್ನ ಕೈಯ ಕಲೆ ನೋಡಿಕೊಂಡಳು. ಸ್ಟೂಲಿನ ಮೇಲೆ ಪ್ಲಾಸ್ಟರ್ ಕೈ ಇಟ್ಟುಕೊಂಡು ಕೂತಿದ್ದ ಮಗಳನ್ನು ನೋಡಿದಳು. ಕಣ್ಣು ತುಂಬಿ ಬಂತು.

"ಬೆಳಿಗ್ಗೆ ರಸ್ತೆ ಮೇಲೆ ಇವರ ಓವನ್ ಬಾಗಿಲು ತೆರೆದಿತ್ತು. ಮಾತಾಡ್ಸಿದ್ದು ನಾನು."

"ಮಾತಾಡಿದ್ದು ನಾನಲ್ವೇನೇ," ಎಂದ ಬನ್ನಣ್ಣ. ಅವನ ದನಿಯ ಜಂಬ ಇಳಿದಿತ್ತು.

ಅಕ್ಕ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. "ಇವತ್ತಿಂದ ಸ್ಕೂಟರ್ ಚಾಲೂ ಆಯ್ತು ಅಂದ್ರೆ ಓವನ್ ಬಾಗಿಲು ತೆರೆದ ಹಾಗೇ. ನಾನು ಫೋನ್ ಮಾಡಲ್ಲ. ಬೇರೆ ಯಾರು ಮಾಡಿದ್ರೂ ನೀವು ಎತ್ತಬಾರದು. ಅಂಗಡಿ ಮುಂದೆ ಗಾಡಿ ನಿಲ್ಲಿಸಿ ನೀವೇ ಮಾಡಿ."

"ಫೋನ್ ಸೀಟಿನ ಕೆಳಗಿಟ್ಟು ಬೀಗ ಹಾಕ್ತೀನಿ. ಆಯ್ತಾ?"

ಹೇಳುವುದೇನೋ ಸುಲಭ. ಮಾರನೆಯ ದಿನವೇ ಬನ್ನಣ್ಣ ಹೊರಟ ಬೆನ್ನಿಗೆ ಹಾಸ್ಟೆಲ್‌ನಿಂದ ಫೋನ್ ಬಂತು, ಇವತ್ತು ಬನ್ ಬೇಡವೆಂದು. ಅಕ್ಕನ ಬೆರಳು ಗಂಡನ ನಂಬರಿನ ಮೇಲೆ ಹೋಯಿತು. "ಒಂದೇ ಮಾತು, ಹೇಳಿಬಿಡಮ್ಮ" ಎಂದು ಗಿರಾಕಿಯೊಬ್ಬರು ಪುಕ್ಕಟೆ ಸಲಹೆಯನ್ನೂ ಕೊಟ್ಟರು. ಅಕ್ಕ ಅವರನ್ನು ದುರುಗುಟ್ಟಿ ನೋಡಿ, ಫೋನನ್ನು ಬೋರಲು ಹಾಕಿ, ಹಿಟ್ಟು ನಾದಲು ಕೂತಳು.

ಬನ್ನಣ್ಣ ತುಂಬಿದ ಡಬ್ಬದ ಸಮೇತ ಗೊಣಗುತ್ತ ಮರಳಿದ. "ಅಷ್ಟು ದೂರ ಸುಮ್ನೆ ಹೋಗಿ ಬಂದ ಹಾಗಾಯ್ತು. ನೋಡು, ಬನ್ನೆಲ್ಲ ವಾಪಸ್ ಬಂತು."

"ನೀವೂ ಬಂದ್ರಲ್ಲ," ಎಂದಳು ಅಕ್ಕ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಚಕ್ರ ತಿರುಗುತ್ತಿರುವಾಗ ಫೋನ್ ಮುಟ್ಟಬೇಡಿ. ತುರ್ತಿದ್ದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಮಾತಾಡಿ. ಮನೆಯಲ್ಲಿ ಕೂತು ಫೋನ್ ಮಾಡುವವರಿಗೂ ಒಂದು ಮಾತು. ಆ ಕಡೆಯಿಂದ ಹಾರ್ನಿನ ಸದ್ದು ಕೇಳಿಸಿತೇ? ಏನೂ ಹೇಳಬೇಡಿ, ಆ ಕ್ಷಣವೇ ಫೋನ್ ಇಟ್ಟುಬಿಡಿ. ನಿಮ್ಮ ಮಾತು ಕಾಯುತ್ತದೆ. ಮೊದಲು ನಿಮ್ಮವರು ಮನೆಗೆ ಬರಲಿ.